ಕೆಲಸಗಾರ ಎಂದರೆ ಯಾರು? ಕಿರುಕುಳ ತಡೆ ಕಾನೂನಿನಲ್ಲಿ ಒಂದು ಪದದ ವ್ಯಾಪ್ತಿ

ಯಾವುದೇ ಕಾಯ್ದೆಯ ಪುಸ್ತಕವನ್ನು ತೆರೆದರೂ ಮೊದಲ ಪುಟಗಳಲ್ಲಿಯೇ ‘ವ್ಯಾಖ್ಯೆಗಳು’ ಎಂಬ ಪ್ರಕರಣ ಎದುರಾಗುತ್ತದೆ. ಸಾಮಾನ್ಯ ಓದುಗರು ಅದನ್ನು ದಾಟಿ ಶಿಕ್ಷೆ, ದಂಡ, ಪರಿಹಾರಗಳ ಕಡೆಗೆ ಹೋಗುವುದು ವಾಡಿಕೆ. ಆದರೆ ಆ ಕಾಯ್ದೆಯ ಆಶ್ರಯ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಅಲ್ಲಿಯೇ. ಕೆಲಸದ ಸ್ಥಳದಲ್ಲಿ ಕಿರುಕುಳಕ್ಕೆ ಒಳಗಾದ ಹೆಣ್ಣುಮಗಳು ದೂರು ಕೊಡಲು ಹೋದಾಗ ‘ಏನಾಯಿತು?’ ಎಂದು ಕೇಳುವುದಕ್ಕಿಂತ ಮೊದಲು ‘ನೀವು ಇಲ್ಲಿ ಯಾರು?’ ಎಂದು ಕೇಳುವ ಕಚೇರಿಗಳೇ ಹೆಚ್ಚು. ಕಾಯಂ ನೌಕರಳೋ, ಗುತ್ತಿಗೆದಾರನ ಕಡೆಯವಳೋ, ದಿನಗೂಲಿಯವಳೋ, ತರಬೇತಿಗೆ ಬಂದವಳೋ, ಗೌರವಧನ ಪಡೆಯುವ ಸೇವಿಕೆಯೋ ಎಂಬುದಕ್ಕೆ ಆಕೆ ಕೊಡುವ ಉತ್ತರದ ಮೇಲೆ ಮುಂದಿನ ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಒಂದು ಪದದ ಅರ್ಥ ಎಲ್ಲಿಯವರೆಗೆ ಚಾಚುತ್ತದೆ ಎಂಬ ಈ ಪ್ರಶ್ನೆ ವಕೀಲರಿಗೆ ಮಾತ್ರ ಸೇರಿದ್ದಲ್ಲ. ಪದಾರ್ಥವನ್ನೇ ಅಭ್ಯಾಸ ಮಾಡುವ ಭಾಷಾ ವಿದ್ಯಾರ್ಥಿಗಳಿಗೂ ಅದು ಸೇರಿದೆ.

ನಿತ್ಯದ ಮಾತು, ಕಾನೂನಿನ ಮಾತು

ದುಡಿಯುವವರನ್ನು ಸೂಚಿಸುವ ಪದಗಳು ಕನ್ನಡದಲ್ಲಿ ಹಲವು. ‘ಆಳು’ ದ್ರಾವಿಡ ಮೂಲದ ಹಳೆಯ ಪದ. ಕ್ರಿಯಾಪದವಾದಾಗ ಆಳ್ವಿಕೆಯನ್ನೂ ನಾಮಪದವಾದಾಗ ಸೇವಕನನ್ನೂ ಅದು ಹೇಳುತ್ತದೆ. ‘ಕೂಲಿ’ ಎಂಬುದು ದುಡಿಮೆಗೆ ಸಿಗುವ ಹಣಕ್ಕೂ ದುಡಿಯುವ ಮನುಷ್ಯನಿಗೂ ಸಲ್ಲುವ ಹೆಸರು. ‘ನೌಕರ’ ಪಾರಸಿಯಿಂದ ಬಂದದ್ದು. ‘ಕಾರ್ಮಿಕ’ ಸಂಸ್ಕೃತದಿಂದ ಕಟ್ಟಿಕೊಂಡದ್ದು. ‘ಪಗಾರ’ ಪೋರ್ಚುಗೀಸರಿಂದ ಮರಾಠಿಗೆ ಬಂದು ಅಲ್ಲಿಂದ ಗಡಿಭಾಗದ ಕನ್ನಡಕ್ಕೆ ದಾಟಿದ್ದು. ಎರಡು ಭಾಷೆಗಳ ನಡುವೆ ಬದುಕುವ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯವರಿಗೆ ಈ ಪದಗಳ ತೂಕ ಬೇರೆ ಬೇರೆ ಎಂಬುದು ಚೆನ್ನಾಗಿ ಗೊತ್ತು. ಕನ್ನಡದಲ್ಲಿ ‘ಸರ್ಕಾರಿ ನೌಕರ’ ಎಂದರೆ ಗೌರವದ ಸ್ಥಾನ. ಮರಾಠಿಯಲ್ಲಿ ‘ನೋಕರಿ’ ಗೌರವದ್ದಾದರೂ ‘ನೋಕರ’ ಎಂದೊಡನೆ ಮನೆಯಾಳಿನ ಚಿತ್ರವೇ ಮೊದಲು ಮೂಡುತ್ತದೆ. ಕಚೇರಿಯಲ್ಲಿ ದುಡಿಯುವವನು ಅಲ್ಲಿ ‘ಕರ್ಮಚಾರಿ’, ಗಿರಣಿಯಲ್ಲಿ ದುಡಿಯುವವನು ‘ಕಾಮಗಾರ’, ಹೊಲದಲ್ಲಿ ದುಡಿಯುವವನು ‘ಮಜೂರ’.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಇಲ್ಲಿ ನೆನೆಯಬಹುದು. ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಎಂಬಲ್ಲಿ ಮಾಡುವ ಕೆಲಸವೇ ಹೆಸರಿನೊಂದಿಗೆ ಸೇರಿಕೊಂಡಿದೆ. ಬತ್ತ ಕುಟ್ಟುವ, ನೂಲುವ, ಬಟ್ಟೆ ಮಡಿ ಮಾಡುವ, ಹಗ್ಗ ಹೊಸೆಯುವ ಕಾಯಕ ಆ ಹೆಸರುಗಳಲ್ಲಿದೆ. ಕೆಲಸ ಕೊಟ್ಟ ಒಡೆಯನ ಸುಳಿವು ಅವುಗಳಲ್ಲಿಲ್ಲ. ಆಧುನಿಕ ಕಾರ್ಮಿಕ ಕಾನೂನು ಹೊರಟದ್ದು ಇದಕ್ಕೆ ಎದುರಾದ ದಿಕ್ಕಿನಿಂದ. ಒಬ್ಬನನ್ನು ಕೆಲಸಗಾರ ಎಂದು ಒಪ್ಪುವ ಮೊದಲು ಅದು ‘ಇವನ ಒಡೆಯ ಯಾರು?’ ಎಂದು ಕೇಳಿತು.

ಹಳೆಯ ಪ್ರಶ್ನೆ: ಒಡೆಯ ಯಾರು?

೧೯೪೭ರ ಕೈಗಾರಿಕಾ ವಿವಾದಗಳ ಕಾಯ್ದೆ ಕಾರ್ಮಿಕನನ್ನು ಕೆಲಸದ ಬಗೆಯಿಂದ ಗುರುತಿಸಿತು. ಕೈಗೆಲಸ, ಕುಶಲ ಅಥವಾ ಅಕುಶಲ ಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ, ಮೇಲ್ವಿಚಾರಣೆ ಇಂಥವನ್ನು ಸಂಬಳಕ್ಕಾಗಿ ಮಾಡುವವನು ಅದರೊಳಗೆ ಬರುತ್ತಿದ್ದನು. ಆಡಳಿತದ ಅಧಿಕಾರವುಳ್ಳವನೂ, ನಿಗದಿತ ಮಿತಿಗಿಂತ ಹೆಚ್ಚು ಸಂಬಳ ಪಡೆಯುವ ಮೇಲ್ವಿಚಾರಕನೂ ಹೊರಗುಳಿಯುತ್ತಿದ್ದರು. ಆದರೆ ಗುತ್ತಿಗೆಗೆ ದುಡಿಯುವವನು ಕಾರ್ಮಿಕನೋ ಸ್ವತಂತ್ರ ವ್ಯಾಪಾರಿಯೋ ಎಂಬ ತೊಡಕು ಉಳಿಯಿತು. ೧೯೫೬ರಲ್ಲಿ ಸೌರಾಷ್ಟ್ರದ ಧ್ರಾಂಗಧ್ರದ ಉಪ್ಪಿನ ಕೆಲಸಗಾರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಒಂದು ಅಳತೆಗೋಲನ್ನು ಹೇಳಿತು. ಏನು ಮಾಡಬೇಕು ಎಂಬುದರ ಜೊತೆಗೆ ಹೇಗೆ ಮಾಡಬೇಕು ಎಂಬುದನ್ನೂ ನಿರ್ದೇಶಿಸುವ ಹಕ್ಕು ಮಾಲೀಕನಿಗೆ ಇದೆಯೇ ಎಂಬುದನ್ನು ನೋಡಬೇಕು. ಅಗರಿಯಾ ಎಂಬ ಆ ಉಪ್ಪು ತೆಗೆಯುವವರು ತಮ್ಮ ಕುಟುಂಬದವರೊಡನೆ ದುಡಿಯುತ್ತಿದ್ದರು, ಉಪ್ಪಿನ ತೂಕದ ಮೇಲೆ ಹಣ ಪಡೆಯುತ್ತಿದ್ದರು, ಬೇಕಾದರೆ ತಾವೇ ಬೇರೆಯವರನ್ನು ಕರೆದುಕೊಳ್ಳುತ್ತಿದ್ದರು. ಆದರೂ ಅವರು ಕಾರ್ಮಿಕರೇ ಎಂದು ತೀರ್ಪಾಯಿತು.

ಈ ಅಳತೆಗೋಲು ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಬೀಡಿ ಉದ್ಯಮ ತೋರಿಸಿಕೊಟ್ಟಿತು. ೧೯೬೧ ಮತ್ತು ೧೯೬೨ರ ಕಾನೂನು ವರದಿಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳಿವೆ. ನಾಗಪುರದಿಂದ ಬಂದ ಮೊದಲನೆಯ ಮೊಕದ್ದಮೆಯಲ್ಲಿ ಕಾರಖಾನೆಗೆ ಬಂದು ಬೀಡಿ ಕಟ್ಟುವವರು ಕಾರಖಾನೆ ಕಾಯ್ದೆಯ ಪ್ರಕಾರ ಕೆಲಸಗಾರರೇ ಎಂದಾಯಿತು. ಮಹಾರಾಷ್ಟ್ರದ ಇನ್ನೊಂದು ಬೀಡಿ ಕಾರಖಾನೆಯ ಎರಡನೆಯ ಮೊಕದ್ದಮೆಯಲ್ಲಿ, ಬರುವ ಹೋಗುವ ಸ್ವಾತಂತ್ರ್ಯವಿದ್ದ ಬೀಡಿ ಕಟ್ಟುವವನ ಮೇಲೆ ಮಾಲೀಕನಿಗೆ ಸಾಕಷ್ಟು ಹಿಡಿತ ಇರಲಿಲ್ಲವಾದ್ದರಿಂದ ಅವನು ಕೆಲಸಗಾರನಲ್ಲ ಎಂದು ಬಹುಮತದ ತೀರ್ಪು ಬಂತು. ಅದೇ ಎಲೆ, ಅದೇ ತಂಬಾಕು, ಅದೇ ಬೆರಳುಗಳ ಚಲನೆ. ಒಬ್ಬ ಒಳಗೆ, ಇನ್ನೊಬ್ಬ ಹೊರಗೆ.

ಕಾರಖಾನೆಗೆ ಬರುವವರ ಪಾಡೇ ಹೀಗಿರುವಾಗ, ಮನೆಯ ಅಂಗಳದಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರ ಮಾತೇನು? ಸೊಲ್ಲಾಪುರದಲ್ಲಿಯೂ ಮಂಗಳೂರು, ಕಾಸರಗೋಡು ಸೀಮೆಯಲ್ಲಿಯೂ ಈ ಉದ್ಯಮ ನಿಂತಿರುವುದು ಅವರ ಕೈಗಳ ಮೇಲೆಯೇ. ೧೯೬೬ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಈ ಕೊರತೆಯನ್ನು ವ್ಯಾಖ್ಯೆಯ ಮೂಲಕವೇ ತುಂಬಿತು. ಮಾಲೀಕ ಅಥವಾ ಗುತ್ತಿಗೆದಾರನಿಂದ ಕಚ್ಚಾ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನು ಅದು ‘ಗೃಹ ಕೆಲಸಗಾರರು’ ಎಂದು ಹೆಸರಿಸಿ ಉದ್ಯೋಗಿಗಳ ಸಾಲಿನಲ್ಲಿ ಕೂರಿಸಿತು. ಮಂಗಳೂರಿನ ಒಂದು ಬೀಡಿ ಸಂಸ್ಥೆಯೂ ಸೇರಿದಂತೆ ಮಾಲೀಕರು ಇದನ್ನು ಪ್ರಶ್ನಿಸಿದಾಗ ೧೯೭೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಇಲ್ಲಿ ಆ ಹೆಂಗಸರ ಕೆಲಸ ಬದಲಾಗಲಿಲ್ಲ, ಸ್ಥಳವೂ ಬದಲಾಗಲಿಲ್ಲ. ಬದಲಾದದ್ದು ಒಂದು ಪದದ ಅರ್ಥ.

ಗೌರವದ ಮಾತೂ ಕೆಲವೊಮ್ಮೆ ಜನರನ್ನು ಹೊರಗೆ ನಿಲ್ಲಿಸುತ್ತದೆ. ಗೋವಾದ ಒಬ್ಬ ಶಿಕ್ಷಕಿಯ ಮೊಕದ್ದಮೆಯಲ್ಲಿ ೧೯೮೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷಕರು ೧೯೪೭ರ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದಿತು. ಮಕ್ಕಳ ವ್ಯಕ್ತಿತ್ವ ರೂಪಿಸುವ ಉನ್ನತ ಕಾರ್ಯವನ್ನು ಕೈಗೆಲಸ, ಗುಮಾಸ್ತಿಕೆಗಳ ಪಟ್ಟಿಯಲ್ಲಿ ಸೇರಿಸಲಾಗದು ಎಂಬುದು ಅದರ ತಾತ್ಪರ್ಯ. ವೃತ್ತಿ ದೊಡ್ಡದಾಯಿತು, ಆದರೆ ಕೆಲಸದಿಂದ ತೆಗೆದಾಗ ಕಾರ್ಮಿಕ ನ್ಯಾಯಾಲಯದ ಬಾಗಿಲು ಆ ಶಿಕ್ಷಕಿಗೆ ತೆರೆಯಲಿಲ್ಲ.

೨೦೧೩ರ ಕಾಯ್ದೆ ಬದಲಿಸಿದ್ದೇನು?

ಹೀಗೆ ಬೆಳೆದು ಬಂದ ವ್ಯಾಖ್ಯೆಗಳೆಲ್ಲ ಮುಖ್ಯವಾಗಿ ಸಂಬಳ, ರಜೆ, ವಜಾ ಇಂಥ ವಿಷಯಗಳಿಗಾಗಿ ರೂಪುಗೊಂಡವು. ಕಿರುಕುಳದ ಸ್ವಭಾವ ಬೇರೆ. ಅದು ಹಾಜರಿ ಪುಸ್ತಕ ನೋಡಿ ಬರುವುದಿಲ್ಲ. ನೇಮಕಾತಿ ಪತ್ರವಿಲ್ಲದವರು, ನಾಳೆಯ ಕೆಲಸ ಇದೆಯೋ ಇಲ್ಲವೋ ಎಂದು ಭಯಪಡುವವರು ಅದಕ್ಕೆ ಸುಲಭವಾಗಿ ಸಿಗುತ್ತಾರೆ. ಭಾರತದಲ್ಲಿ ಈ ಕಾನೂನಿನ ಚರಿತ್ರೆ ಆರಂಭವಾದದ್ದೂ ಅಂಥ ಒಬ್ಬ ಮಹಿಳೆಯಿಂದ. ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಗೌರವಧನಕ್ಕೆ ದುಡಿಯುತ್ತಿದ್ದ ಹಳ್ಳಿಯ ಒಬ್ಬ ‘ಸಾಥಿನ್’ ಬಾಲ್ಯವಿವಾಹವನ್ನು ತಡೆಯಲು ಹೋಗಿ ೧೯೯೨ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದಳು. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ‘ವಿಶಾಖಾ’ ಮೊಕದ್ದಮೆಯಲ್ಲಿ ೧೯೯೭ರ ಆಗಸ್ಟ್ ೧೩ರಂದು ಸರ್ವೋಚ್ಚ ನ್ಯಾಯಾಲಯ ಕೆಲಸದ ಸ್ಥಳಗಳಿಗೆ ಮಾರ್ಗಸೂಚಿಗಳನ್ನು ಕೊಟ್ಟಿತು. ಅದಾದ ಹದಿನಾರು ವರ್ಷಗಳ ಮೇಲೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ (ತಡೆ, ನಿಷೇಧ ಮತ್ತು ಪರಿಹಾರ) ಕಾಯ್ದೆ ಬಂದು, ೨೦೧೩ರ ಡಿಸೆಂಬರ್ ೯ರಿಂದ ಜಾರಿಯಾಯಿತು.

ಈ ಕಾಯ್ದೆ ‘ಉದ್ಯೋಗಿ’ ಎಂಬ ಪದವನ್ನು ವಿವರಿಸುವ ರೀತಿಯನ್ನು ನಿಧಾನವಾಗಿ ಓದಬೇಕು. ಕೆಲಸದ ಸ್ಥಳದಲ್ಲಿ ಯಾವುದೇ ಕೆಲಸಕ್ಕೆ ತೊಡಗಿಸಿಕೊಂಡ ವ್ಯಕ್ತಿ ಉದ್ಯೋಗಿ. ನೇಮಕ ಕಾಯಂ ಆಗಿರಬಹುದು, ತಾತ್ಕಾಲಿಕವಾಗಿರಬಹುದು, ದಿನಗೂಲಿಯದಾಗಿರಬಹುದು. ನೇರವಾಗಿ ಆಗಿರಬಹುದು ಅಥವಾ ಗುತ್ತಿಗೆದಾರ, ಮಧ್ಯವರ್ತಿಗಳ ಮೂಲಕ ಆಗಿರಬಹುದು. ಮೂಲ ಮಾಲೀಕನಿಗೆ ಅದು ತಿಳಿದಿರಬಹುದು, ತಿಳಿಯದೆಯೂ ಇರಬಹುದು. ಸಂಬಳ ಇರಬಹುದು, ಇಲ್ಲದಿರಬಹುದು. ಸ್ವಯಂಪ್ರೇರಣೆಯಿಂದ ಬಂದವರೂ ಆಗಬಹುದು. ಕರಾರು ಮಾತಿನಲ್ಲಿ ಸ್ಪಷ್ಟವಾಗಿರಬಹುದು ಅಥವಾ ನಡವಳಿಕೆಯಿಂದ ತಿಳಿದುಬರುವಂತಿರಬಹುದು. ಸಹೋದ್ಯೋಗಿ, ಗುತ್ತಿಗೆ ಕೆಲಸಗಾರ, ಪರೀಕ್ಷಾರ್ಥ ಅವಧಿಯವರು, ತರಬೇತಿಯವರು, ಶಿಶಿಕ್ಷುಗಳು ಎಲ್ಲರೂ ಸೇರುತ್ತಾರೆ. ಕೊನೆಗೆ, ಇಂಥ ಬೇರೆ ಯಾವ ಹೆಸರಿನಿಂದ ಕರೆದರೂ ಅವರು ಉದ್ಯೋಗಿಗಳೇ ಎಂಬ ಮಾತೂ ಇದೆ.

ಇದರ ಒಂದೊಂದು ಪದಗುಚ್ಛದ ಹಿಂದೆಯೂ ಒಂದೊಂದು ತಪ್ಪಿಸಿಕೊಳ್ಳುವ ದಾರಿಯ ಅನುಭವವಿದೆ. ‘ಅವಳು ನಮ್ಮವಳಲ್ಲ, ಗುತ್ತಿಗೆದಾರನ ಕಡೆಯವಳು’ ಎಂದು ಹೇಳದಂತೆ ಗುತ್ತಿಗೆಯ ಮಾತು ಸೇರಿದೆ. ‘ಅವಳು ಇಲ್ಲಿ ದುಡಿಯುತ್ತಿದ್ದದ್ದೇ ನಮಗೆ ಗೊತ್ತಿಲ್ಲ’ ಎನ್ನದಂತೆ ಮಾಲೀಕನ ತಿಳಿವಳಿಕೆಯ ಮಾತು ಸೇರಿದೆ. ‘ಅವಳಿಗೆ ನಾವು ಸಂಬಳ ಕೊಡುವುದಿಲ್ಲ’ ಎನ್ನದಂತೆ ಸಂಬಳದ ಮಾತು ಸೇರಿದೆ. ಪದವನ್ನು ಬದಲಿಸಿ ಹೊಣೆಯನ್ನು ಬದಲಿಸುವ ಜಾಣತನಕ್ಕೆ ಕೊನೆಯ ‘ಬೇರೆ ಯಾವ ಹೆಸರು’ ಎಂಬ ಮಾತು ಉತ್ತರವಾಗಿದೆ.

ಕಬ್ಬಿನ ಕಟಾವಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮರಾಠವಾಡದಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕಕ್ಕೂ ಹಂಗಾಮಿನಲ್ಲಿ ಹೋಗುವ ತಂಡಗಳಲ್ಲಿ ಗಂಡಹೆಂಡತಿಯನ್ನು ಸೇರಿಸಿ ಒಂದು ‘ಕೊಯತಾ’ ಎಂದು ಎಣಿಸುವ ರೂಢಿಯಿದೆ. ಕೊಯತಾ ಎಂದರೆ ಕಬ್ಬು ಕಡಿಯುವ ಕತ್ತಿ. ‘ಉಚಲ’ ಎಂಬ ಮುಂಗಡ ಹಣವನ್ನು ಮುಕಾದಮನು ಸಾಮಾನ್ಯವಾಗಿ ಗಂಡನ ಕೈಗೆ ಕೊಡುತ್ತಾನೆ. ಲೆಕ್ಕದಲ್ಲಿ ಬರುವುದು ಗಂಡನ ಹೆಸರು. ಹೆಂಡತಿ ಕಬ್ಬು ಕಡಿಯುತ್ತಾಳೆ, ಸವರುತ್ತಾಳೆ, ಕಟ್ಟು ಕಟ್ಟಿ ಹೊತ್ತು ಗಾಡಿಗೆ ಏರಿಸುತ್ತಾಳೆ; ಆದರೆ ಲೆಕ್ಕದಲ್ಲಿ ಅವಳು ಅರ್ಧ ಕತ್ತಿ. ಹಳೆಯ ಪ್ರಶ್ನೆಯನ್ನು ಕೇಳಿದರೆ ಅವಳ ಒಡೆಯನನ್ನು ಕಾಗದದಲ್ಲಿ ತೋರಿಸುವುದು ಕಷ್ಟ. ೨೦೧೩ರ ವ್ಯಾಖ್ಯೆಯ ಮುಂದೆ ಅವಳನ್ನು ನಿಲ್ಲಿಸಿದರೆ ಮಧ್ಯವರ್ತಿಯ ಮೂಲಕ ನೇಮಕ, ಮಾತಿನಲ್ಲಿ ಹೇಳದ ಕರಾರು, ಮೂಲ ಮಾಲೀಕನಿಗೆ ತಿಳಿಯದ ದುಡಿಮೆ ಎಂಬ ಮೂರೂ ಮಾತುಗಳು ಅವಳಿಗೆ ಅನ್ವಯಿಸುತ್ತವೆ. ಅವಳನ್ನು ಹೊರಗಿಡಲು ಆಧಾರ ಸಿಗುವುದಿಲ್ಲ.

ಉದ್ಯೋಗಿಯಲ್ಲದವಳೂ ದೂರು ಕೊಡಬಹುದು

ಕಾಯ್ದೆ ಇಲ್ಲಿಗೆ ನಿಲ್ಲುವುದಿಲ್ಲ. ದೂರು ಕೊಡುವವಳನ್ನು ಅದು ‘ನೊಂದ ಮಹಿಳೆ’ ಎಂದು ಕರೆದು, ಕೆಲಸದ ಸ್ಥಳಕ್ಕೆ ಸಂಬಂಧಿಸಿದಂತೆ ಯಾವುದೇ ವಯಸ್ಸಿನ, ಅಲ್ಲಿ ಉದ್ಯೋಗದಲ್ಲಿರುವ ಅಥವಾ ಇಲ್ಲದಿರುವ ಮಹಿಳೆ ಎಂದು ವಿವರಿಸುತ್ತದೆ. ಆಸ್ಪತ್ರೆಗೆ ಬಂದ ರೋಗಿ, ಬ್ಯಾಂಕಿಗೆ ಬಂದ ಗ್ರಾಹಕಿ, ಕಚೇರಿಗೆ ಅರ್ಜಿ ಹಿಡಿದು ಬಂದ ರೈತ ಮಹಿಳೆ ಎಲ್ಲರೂ ಇದರೊಳಗೆ ಬರುತ್ತಾರೆ. ಹಳೆಯ ಕಾನೂನಿನಲ್ಲಿ ಕೆಲಸಗಾರನಾಗಿರುವುದು ಒಳಪ್ರವೇಶದ ಚೀಟಿಯಾಗಿತ್ತು. ಇಲ್ಲಿ ಘಟನೆ ನಡೆದ ಜಾಗವೇ ಮುಖ್ಯ.

ಆ ಜಾಗದ ವ್ಯಾಖ್ಯೆಯೂ ವಿಶಾಲವಾಗಿದೆ. ಸರ್ಕಾರಿ ಕಚೇರಿ, ಖಾಸಗಿ ಸಂಸ್ಥೆ, ಆಸ್ಪತ್ರೆ, ಕ್ರೀಡಾಂಗಣಗಳ ಜೊತೆಗೆ ಕೆಲಸದ ಸಲುವಾಗಿ ಉದ್ಯೋಗಿ ಹೋದ ಯಾವುದೇ ಸ್ಥಳ, ಮಾಲೀಕ ಒದಗಿಸಿದ ವಾಹನ, ವಾಸದ ಮನೆ ಇವೂ ಕೆಲಸದ ಸ್ಥಳಗಳೇ. ಕಟ್ಟಿದ ಬೀಡಿಗಳನ್ನು ಒಪ್ಪಿಸಲು ಹೋದಲ್ಲಿ ಎಣಿಸಿ, ಆರಿಸಿ, ಕೆಟ್ಟವೆಂದು ಪಕ್ಕಕ್ಕಿಡುವ ಅಧಿಕಾರವುಳ್ಳವನು ಆ ಅಧಿಕಾರವನ್ನು ದುರುಪಯೋಗಪಡಿಸಿದರೆ, ‘ಅವಳು ಮನೆಯಲ್ಲಿ ದುಡಿಯುವವಳು, ಇದು ಅವಳ ಕೆಲಸದ ಸ್ಥಳವಲ್ಲ’ ಎಂಬ ವಾದಕ್ಕೆ ಇಲ್ಲಿ ನೆಲೆ ಇಲ್ಲ.

ವಿದ್ಯಾರ್ಥಿನಿಯರ ವಿಷಯದಲ್ಲಿ ಸಂದೇಹ ಉಳಿಯದಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ ೨೦೧೫ರ ಪ್ರತ್ಯೇಕ ನಿಯಮಾವಳಿಯನ್ನು ತಂದಿತು. ಕಾಲೇಜಿನ ಆಂತರಿಕ ಸಮಿತಿಯ ಮುಂದೆ ಬಂದ ವಿಷಯದಲ್ಲಿ ವಿದ್ಯಾರ್ಥಿಗಳು ಸೇರಿದ್ದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಸಮಿತಿಯಲ್ಲಿ ಇರಬೇಕು. ವಿದ್ಯಾರ್ಥಿಗಳೂ ತೃತೀಯ ಲಿಂಗಿಗಳೂ ಕಿರುಕುಳಕ್ಕೆ ಒಳಗಾಗಬಹುದು ಎಂಬುದನ್ನು ಆ ನಿಯಮಾವಳಿ ಗುರುತಿಸಿದೆ. ೨೦೧೩ರ ಕಾಯ್ದೆಯಲ್ಲಾದರೋ ದೂರು ಕೊಡುವ ಹಕ್ಕು ಮಹಿಳೆಗೆ ಮಾತ್ರ.

ಹತ್ತು ಜನರ ಲೆಕ್ಕ ಮತ್ತು ಮನೆಗೆಲಸದಾಕೆ

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಮಾಲೀಕ ಆಂತರಿಕ ಸಮಿತಿಯನ್ನು ರಚಿಸಬೇಕು. ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ತಾಲೂಕು ಮಟ್ಟದಲ್ಲಿ ದೂರು ಸ್ವೀಕರಿಸಿ ಏಳು ದಿನಗಳೊಳಗೆ ಸಮಿತಿಗೆ ತಲುಪಿಸುವ ನೋಡಲ್ ಅಧಿಕಾರಿಯೂ ಇರಬೇಕು. ಕುತೂಹಲದ ಸಂಗತಿಯೆಂದರೆ, ಈ ಹತ್ತರ ಲೆಕ್ಕ ಹೇಳುವಲ್ಲಿ ಕಾಯ್ದೆ ‘ಉದ್ಯೋಗಿ’ ಎನ್ನದೆ ‘ಕೆಲಸಗಾರ’ ಎಂಬ ಪದವನ್ನು ಬಳಸಿದೆ. ಆ ಪದಕ್ಕೆ ಮಾತ್ರ ಅದರಲ್ಲಿ ವ್ಯಾಖ್ಯೆಯೇ ಇಲ್ಲ. ನಾಲ್ಕು ಮಾಗಗಳ ಪುಟ್ಟ ಕಾರಖಾನೆಯಲ್ಲಿ, ಅಂಗಡಿಯಲ್ಲಿ, ಹೊಲಿಗೆಯ ಕೋಣೆಯಲ್ಲಿ ದುಡಿಯುವ ಬಹುಸಂಖ್ಯೆಯ ಹೆಂಗಸರಿಗೆ ಸ್ಥಳೀಯ ಸಮಿತಿಯೇ ಗತಿ. ಆ ಸಮಿತಿ ಎಲ್ಲಿ ಕೂಡುತ್ತದೆ ಎಂಬುದೇ ತಿಳಿಯದಿದ್ದರೆ ವ್ಯಾಖ್ಯೆಯ ವೈಶಾಲ್ಯ ಕಾಗದದಲ್ಲಿಯೇ ಉಳಿಯುತ್ತದೆ. ಗೋವಾದಿಂದ ಬಂದ ಒಂದು ಮೊಕದ್ದಮೆಯಲ್ಲಿ ೨೦೨೩ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯ್ದೆಯ ಜಾರಿಯಲ್ಲಿರುವ ಲೋಪಗಳ ಬಗ್ಗೆ ಕಳವಳಪಟ್ಟು, ಸಮಿತಿಗಳು ರಚನೆಯಾಗಿವೆಯೇ ಎಂದು ಪರಿಶೀಲಿಸುವಂತೆ ಆದೇಶಿಸಬೇಕಾಯಿತು.

ಮನೆಗೆಲಸದವರಿಗೆ ಕಾಯ್ದೆಯಲ್ಲಿ ಪ್ರತ್ಯೇಕ ವ್ಯಾಖ್ಯೆಯಿದೆ. ಹಣಕ್ಕಾಗಲಿ ವಸ್ತುರೂಪದ ಪ್ರತಿಫಲಕ್ಕಾಗಲಿ, ಪೂರ್ಣಕಾಲ ಅಥವಾ ಅರೆಕಾಲ ಮನೆಗೆಲಸ ಮಾಡುವ ಮಹಿಳೆ ಅದರಲ್ಲಿ ಬರುತ್ತಾಳೆ. ಮನೆಯ ಸದಸ್ಯಳು ಬರುವುದಿಲ್ಲ. ಆದರೆ ದಾರಿ ಬೇರೆ. ಆಕೆಯ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದೆ ಎಂದು ಕಂಡರೆ ಸ್ಥಳೀಯ ಸಮಿತಿ ಅದನ್ನು ಏಳು ದಿನಗಳಲ್ಲಿ ಪೊಲೀಸರಿಗೆ ಕಳುಹಿಸಬೇಕು. ಕಾಯ್ದೆ ಹೆಸರಿಸಿದ್ದು ಭಾರತೀಯ ದಂಡ ಸಂಹಿತೆಯ ೫೦೯ನೆಯ ಕಲಮನ್ನು. ೨೦೨೪ರ ಜುಲೈ ೧ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ ೭೯ನೆಯ ಕಲಮು ಇದೆ. ಕಚೇರಿಯ ಉದ್ಯೋಗಿಗೆ ಸಿಗುವ ಆಂತರಿಕ ವಿಚಾರಣೆಯ ಮಾರ್ಗಕ್ಕಿಂತ ಪೊಲೀಸು ಠಾಣೆಯ ಮೆಟ್ಟಿಲು ಮನೆಗೆಲಸದಾಕೆಗೆ ಎತ್ತರವಾಗಿಯೇ ಕಾಣುತ್ತದೆ. ಒಳಗೆ ಸೇರಿಸಿಕೊಂಡ ಮೇಲೂ ಎಲ್ಲರಿಗೂ ಒಂದೇ ಬಾಗಿಲು ಇರುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಎದುರುಪಕ್ಷದವನೂ ಉದ್ಯೋಗಿಯೇ?

ಪದದ ತಕರಾರು ದೂರು ಕೊಟ್ಟವಳ ಬಗ್ಗೆಯೇ ಬರಬೇಕೆಂದಿಲ್ಲ. ಬೆಂಗಳೂರಿನಲ್ಲಿ ೨೦೧೮ರಲ್ಲಿ ಆ್ಯಪ್ ಮೂಲಕ ಟ್ಯಾಕ್ಸಿ ಹಿಡಿದ ಮಹಿಳೆಯೊಬ್ಬರು ಚಾಲಕನ ಮೇಲೆ ದೂರು ಕೊಟ್ಟರು. ಚಾಲಕರು ತನ್ನ ಉದ್ಯೋಗಿಗಳಲ್ಲ, ಸ್ವತಂತ್ರ ಗುತ್ತಿಗೆದಾರರು ಎಂಬುದು ಕಂಪನಿಯ ನಿಲುವಾದ್ದರಿಂದ ಅದರ ಆಂತರಿಕ ಸಮಿತಿ ವಿಚಾರಣೆಗೆ ಒಪ್ಪಲಿಲ್ಲ. ೨೦೨೪ರ ಸೆಪ್ಟೆಂಬರ್ ೩೦ರಂದು ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ೨೦೧೩ರ ಕಾಯ್ದೆಯ ವಿಶಾಲ ಅರ್ಥದಲ್ಲಿ ಚಾಲಕ ಉದ್ಯೋಗಿಯೇ ಎಂದು ಹೇಳಿ ವಿಚಾರಣೆಗೆ ಆದೇಶಿಸಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು. ಮೊಬೈಲಿನ ಪರದೆಯ ಹಿಂದೆ ಮಾಲೀಕ ಮರೆಯಾದಾಗ ಹಳೆಯ ಉಪ್ಪಿನ ಗದ್ದೆಯ ಪ್ರಶ್ನೆಯೇ ಹೊಸ ವೇಷದಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

ಗೌರವಧನ ಎಂಬ ಪದ

ಅಂಗನವಾಡಿ ಸೇವಿಕೆ, ಸಹಾಯಕಿ, ಆಶಾ, ಬಿಸಿಯೂಟದ ಅಡುಗೆಯವರು ಎಂಬ ಹೆಸ‌ರುಗಳಲ್ಲಿ ಲಕ್ಷಾಂತರ ಮಹಿಳೆಯರು ಸರ್ಕಾರದ ಯೋಜನೆಗಳನ್ನು ನಡೆಸುತ್ತಿದ್ದಾರೆ. ಅವರು ಪಡೆಯುವುದನ್ನು ವೇತನ ಎನ್ನದೆ ಗೌರವಧನ, ಮರಾಠಿಯಲ್ಲಿ ‘ಮಾನಧನ’, ಎನ್ನಲಾಗುತ್ತದೆ. ಪದ ಸುಂದರವಾಗಿದೆ, ಆದರೆ ಅದರ ಪರಿಣಾಮ ಕಠಿಣ. ಕರ್ನಾಟಕದ ಒಂದು ಮೊಕದ್ದಮೆಯಲ್ಲಿ ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆಯಲ್ಲ ಎಂದಿತು. ಗುಜರಾತಿನ ದಾಹೋದ್ ಜಿಲ್ಲೆಯ ಮೊಕದ್ದಮೆಯಲ್ಲಿ ೨೦೨೨ರಲ್ಲಿ ಅದೇ ನ್ಯಾಯಾಲಯ ಉಪದಾನ ಕಾಯ್ದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದು ಹೇಳಿ, ಅವರಿಗೆ ಗ್ರಾಚ್ಯುಟಿಯ ಹಕ್ಕನ್ನು ಒಪ್ಪಿತು. ಒಂದು ಕಾನೂನಿಗೆ ನೌಕರರಲ್ಲದವರು ಇನ್ನೊಂದಕ್ಕೆ ಉದ್ಯೋಗಿಗಳಾಗಬಹುದು; ಎರಡೂ ಏಕಕಾಲಕ್ಕೆ ನಿಜ. ೨೦೧೩ರ ಕಾಯ್ದೆಯಲ್ಲಂತೂ ಸಂಬಳದ ಪ್ರಶ್ನೆಯೇ ಇಲ್ಲದಿರುವುದರಿಂದ ಅವರ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೂ ‘ನಾವು ಸೇವಿಕೆಯರು, ನಮಗೆಲ್ಲಿ ಕಾನೂನು’ ಎಂಬ ಭಾವನೆಯನ್ನು ಹುಟ್ಟಿಸುವ ಶಕ್ತಿ ಆ ಹೆಸರುಗಳಿಗೆ ಇದೆ. ವರ್ಷಾನುಗಟ್ಟಲೆ ಸ್ವಯಂಸೇವಕಿ ಎಂದು ಕರೆಸಿಕೊಂಡವಳು ತನ್ನನ್ನು ಕೆಲಸಗಾರಳೆಂದು ತಾನೇ ಗುರುತಿಸಿಕೊಳ್ಳುವುದಿಲ್ಲ.

ಲೈಂಗಿಕವಲ್ಲದ ಕಿರುಕುಳ: ಒಂದು ಹೋಲಿಕೆ

೨೦೧೩ರ ಕಾಯ್ದೆಗೂ ಎಲ್ಲೆಯಿದೆ. ದಿನವೂ ಎಲ್ಲರ ಮುಂದೆ ಹೀಯಾಳಿಸುವುದು, ಬೇಕೆಂದೇ ಒಂಟಿಯಾಗಿಸುವುದು, ಆಗದಷ್ಟು ಕೆಲಸ ಹೇರಿ ಬಯ್ಯುವುದು ಇವು ಲೈಂಗಿಕ ಕಿರುಕುಳಕ್ಕೆ ಹೊಂದಿಕೊಂಡು ನಡೆದರೆ ಮಾತ್ರ ಅದರೊಳಗೆ ಬರುತ್ತವೆ. ಅದಿಲ್ಲದ ಬರಿಯ ದಬ್ಬಾಳಿಕೆಯ ವಿರುದ್ಧ ಭಾರತದಲ್ಲಿ ಎಲ್ಲ ಕೆಲಸದ ಸ್ಥಳಗಳಿಗೂ ಅನ್ವಯಿಸುವ ಒಂದು ಕಾಯ್ದೆ ಇಲ್ಲ. ವಿದ್ಯಾರ್ಥಿಗಳಿಗೆ ರ‍್ಯಾಗಿಂಗ್ ತಡೆಯ ಕಾನೂನಿದೆ. ಮಹಾರಾಷ್ಟ್ರ ಅದನ್ನು ೧೯೯೯ರಲ್ಲಿಯೇ ತಂದಿತು. ಅದೇ ವಿದ್ಯಾರ್ಥಿ ನಾಳೆ ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ಕೆಲಸಕ್ಕೆ ಸೇರಿದಾಗ ಅಂಥ ಆಶ್ರಯ ಸಿಗುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಕಾನೂನಿದೆ. ಅಲ್ಲಿನ ೨೦೦೯ರ ಫೇರ್ ವರ್ಕ್ ಕಾಯ್ದೆಗೆ ಸೇರಿಸಿದ ಭಾಗವೊಂದು ೨೦೧೪ರ ಜನವರಿ ೧ರಿಂದ ಜಾರಿಗೆ ಬಂತು. ಮತ್ತೆ ಮತ್ತೆ ನಡೆಯುವ, ಆರೋಗ್ಯಕ್ಕೂ ಸುರಕ್ಷತೆಗೂ ಅಪಾಯ ತರುವ ಅನುಚಿತ ವರ್ತನೆಯನ್ನು ನಿಲ್ಲಿಸುವಂತೆ ಆಯೋಗ ಆದೇಶಿಸಬಹುದು. ಈ ದಾರಿಯಲ್ಲಿ ಹಣದ ಪರಿಹಾರ ಕೊಡಿಸಲು ಬರುವುದಿಲ್ಲ. ‘ಕೆಲಸಗಾರ’ ಪದದ ವ್ಯಾಖ್ಯೆಯನ್ನು ಅದು ಸಂಬಳದ ಕಾನೂನಿನಿಂದ ತೆಗೆದುಕೊಳ್ಳದೆ ೨೦೧೧ರ ಕೆಲಸದ ಆರೋಗ್ಯ ಮತ್ತು ಸುರಕ್ಷತೆಯ ಕಾಯ್ದೆಯಿಂದ ತೆಗೆದುಕೊಂಡಿತು. ಆದ್ದರಿಂದ ಗುತ್ತಿಗೆದಾರ, ಅವನ ಕೈಕೆಳಗಿನವರು, ಮನೆಯಲ್ಲಿ ದುಡಿಯುವವರು, ಅನುಭವಕ್ಕಾಗಿ ಬಂದ ವಿದ್ಯಾರ್ಥಿಗಳು, ಸ್ವಯಂಸೇವಕರು ಎಲ್ಲರೂ ಒಳಗೆ ಬಂದರು. ಸಂಬಳಕ್ಕೆ ಒಬ್ಬರನ್ನೂ ಇಟ್ಟುಕೊಳ್ಳದ ಕೇವಲ ಸ್ವಯಂಸೇವಕರ ಸಂಘಗಳು ಹೊರಗೆ ಉಳಿದವು. ರಕ್ಷಣಾ ಪಡೆಯ ಸದಸ್ಯರೂ ಹೊರಗೆ ಉಳಿದರು. ಅಪಾಯ ಇರುವಲ್ಲಿ ರಕ್ಷಣೆಯೂ ಇರಬೇಕು ಎಂಬ ಈ ತತ್ತ್ವ ೨೦೧೩ರ ಭಾರತೀಯ ವ್ಯಾಖ್ಯೆಯ ತತ್ತ್ವಕ್ಕೆ ಹತ್ತಿರವಾದದ್ದು.

ದೂರಿನ ಭಾಷೆ

ಗಡಿಭಾಗದಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ೨೦೧೩ರ ಕಾಯ್ದೆಯ ಪ್ರಕಾರ ದೂರು ಲಿಖಿತವಾಗಿರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲಾಗದ ಮಹಿಳೆಗೆ ದೂರನ್ನು ಬರಹಕ್ಕೆ ಇಳಿಸಲು ಸಮಿತಿಯವರೇ ನೆರವಾಗಬೇಕು. ಆದರೆ ಹೇಳುವವಳ ಮಾತು ಕನ್ನಡ, ಬರೆಯುವವರ ಭಾಷೆ ಮರಾಠಿ, ಕಾಯ್ದೆಯ ಮೂಲ ಇಂಗ್ಲಿಷ್. ‘ನಾ ಅವರ ಕಡೆ ಆಳಾಗಿ ಹೋಗ್ತೀನ್ರಿ’ ಎಂದು ಅಕ್ಕಲಕೋಟೆಯ ಹೆಂಗಸೊಬ್ಬಳು ಹೇಳಿದ್ದು ಮರಾಠಿಯ ‘ನೋಕರ’ ಆಗಿ ಬರಹಕ್ಕೆ ಇಳಿದರೆ, ಓದುವವರಿಗೆ ಅವಳು ಮನೆಗೆಲಸದಾಕೆಯಾಗಿ ಕಾಣಬಹುದು. ಆಗ ದೂರು ಹೋಗುವ ದಾರಿಯೇ ಬೇರೆಯಾದೀತು. ಸಂವಿಧಾನದ ೩೫೦ನೆಯ ಅನುಚ್ಛೇದ ತನ್ನ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ರಾಜ್ಯದ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಆಕೆ ತನ್ನ ಮಾತನ್ನು ಕನ್ನಡದಲ್ಲಿಯೇ ಬರೆಯಿಸಿ, ಮರಾಠಿ ಅನುವಾದವನ್ನು ಅದರೊಂದಿಗೆ ಇರಿಸಬಹುದು.

ಎರಡೂ ಭಾಷೆ ಬಲ್ಲ ವಿದ್ಯಾರ್ಥಿಗಳ ನೆರವು ಬೇಕಾಗುವುದು ಇಲ್ಲಿ. ಊರಿನ ಯಾರಾದರೂ ಇಂಥ ದೂರನ್ನು ಬರೆದುಕೊಡಲು ಕೇಳಿದರೆ ಹುದ್ದೆಯ ಹೆಸರೊಂದನ್ನೇ ಬರೆದು ನಿಲ್ಲಿಸಬಾರದು. ಆಕೆ ಏನು ಕೆಲಸ ಮಾಡುತ್ತಾಳೆ, ಎಲ್ಲಿ ಮಾಡುತ್ತಾಳೆ, ಎಂದಿನಿಂದ ಮಾಡುತ್ತಿದ್ದಾಳೆ, ಕೆಲಸ ಹೇಳುವವರು ಯಾರು, ಸಾಮಗ್ರಿ ಕೊಡುವವರು ಯಾರು, ಹಣ ಯಾರ ಕೈಯಿಂದ ಬರುತ್ತದೆ, ನಡುವೆ ಮುಕಾದಮನೋ ಗುತ್ತಿಗೆದಾರನೋ ಇದ್ದಾನೆಯೇ, ಅಲ್ಲಿ ಒಟ್ಟು ಎಷ್ಟು ಜನ ದುಡಿಯುತ್ತಾರೆ ಎಂಬುದನ್ನು ಆಕೆಯ ಮಾತಿನಲ್ಲಿಯೇ ಮೊದಲು ಬರೆಯಬೇಕು. ಘಟನೆಯ ವಿವರ ಅದರ ನಂತರ ಬರಲಿ. ‘ನೀವು ಇಲ್ಲಿ ಯಾರು?’ ಎಂಬ ಪ್ರಶ್ನೆಗೆ ಉತ್ತರ ಆ ಮೊದಲ ಸಾಲುಗಳಲ್ಲಿಯೇ ಇದ್ದರೆ, ಸಮಿತಿ ಎರಡನೆಯ ಪ್ರಶ್ನೆಯಿಂದ ತನ್ನ ಕೆಲಸವನ್ನು ಆರಂಭಿಸಬೇಕಾಗುತ್ತದೆ.